ಭಾಸ್ಕರಣ್ಣ ಬರೆದುಕೊಟ್ಟ ಮೂರು ಟ್ರ್ಯಾಕ್

ಹಾಡು ಕೇಳಿಸುವಾಗ ಭಾಸ್ಕರಣ್ಣ ನೋಡುತ್ತಿದ್ದದ್ದು ನಮ್ಮ ಮುಖವನ್ನಲ್ಲ, ಪಾದವನ್ನು. ಹೆಬ್ಬೆರಳು ಅಲುಗದಿದ್ದರೆ ಹಾಡನ್ನು ಅಲ್ಲಿಗೇ ನಿಲ್ಲಿಸಿ, "ಇದ್ ನಿಂಗಲ್ಲ, ಬೇರೆ ಕೊಡ್ತೆ" ಎನ್ನುತ್ತಿದ್ದರು. ಗುಲ್ವಾಡಿಯ ಈ ಮನುಷ್ಯ ಯಾವ ವಾದ್ಯವನ್ನೂ ಮುಟ್ಟಿದವರಲ್ಲ. ಮುಂಬೈಯ ದೊಡ್ಡ ಹೋಟೆಲೊಂದರಲ್ಲಿ ಮೂವತ್ತು ವರ್ಷ ಊಟ ಬಡಿಸುತ್ತ, ಅಲ್ಲಿನ ಬ್ಯಾಂಡಿನವರ ಜಾಝ್-ಫಂಕ್ ಸಂಗೀತ ಕೇಳಿ ಕೇಳಿ ಹುಚ್ಚು ಹತ್ತಿಸಿಕೊಂಡು ಊರಿಗೆ ಬಂದವರು.

ನಾನು ಹತ್ತು ವರ್ಷ ಯಕ್ಷಗಾನಕ್ಕೆ ಚಂಡೆ ಬಾರಿಸಿ, ಆಮೇಲೆ ತ್ರಾಸಿಯ ರೆಸಾರ್ಟೊಂದರ ಬ್ಯಾಂಡಿನಲ್ಲಿ ಡ್ರಮ್ಸ್‌ಗೆ ಕುಳಿತವನು. ಚಂಡೆಯಲ್ಲಿ ಕಾವು ಏರಿದಂತೆ ವೇಗವೂ ಏರಬೇಕು. ಇಲ್ಲಿ ಅದೇ ತಪ್ಪು. ನಾನು ಶುರುಮಾಡುವ ವೇಗ ಒಂದು, ಮುಗಿಸುವುದು ಇನ್ನೊಂದು. ಗಿಟಾರಿನವನು ಹಿಂದೆ ಬಿದ್ದು ಬೆವರುತ್ತಿದ್ದ. ಮ್ಯಾನೇಜರ್ ಮುಖಕ್ಕೇ ಹೇಳಿಬಿಟ್ಟರು: ಬರುವ ತಿಂಗಳ ಕಾರ್ಯಕ್ರಮದಲ್ಲೂ ಹೀಗಾದರೆ ನಿಮ್ಮ ಜಾಗಕ್ಕೆ ತಾಳದ ಯಂತ್ರ ಇಡುತ್ತೇನೆ. ಆ ದಿನವೇ ಭಾಸ್ಕರಣ್ಣನ ಮನೆಗೆ ಹೋಗಿ ಎಲ್ಲ ಹೇಳಿಕೊಂಡೆ.

ಭಾಸ್ಕರಣ್ಣ ಔಷಧದ ಚೀಟಿಯ ಹಾಗೆ ಮೂರು ಟ್ರ್ಯಾಕ್ ಬರೆದುಕೊಟ್ಟರು. ಮೊದಲನೆಯದು ನಿಧಾನ, ಎಲೆಕ್ಟ್ರಿಕ್ ಪಿಯಾನೋದ್ದು. ಸಿನಿಮಾ ಹಾಡಷ್ಟೇ ಕೇಳಿ ಬಂದವರಿಗೆ ಅದು. ಎರಡನೆಯದರಲ್ಲಿ ಬೇಸ್ ಗಿಟಾರ್ ಒಂದೇ ಸಾಲನ್ನು ಏಳು ನಿಮಿಷ ಸುತ್ತುತ್ತದೆ. ಮೂರನೆಯದರಲ್ಲಿ ತುತ್ತೂರಿಗಳು ಮೈಮೇಲೆ ಬರುತ್ತವೆ. ಅದನ್ನು ಸದ್ಯ ಕೇಳಕೂಡದೆಂದು ಕಟ್ಟಪ್ಪಣೆ: "ಅದನ್ನ್ ಈಗ್ಲೇ ಕೇಂಬುಕಾಗ. ನಿನ್ ಚಂಡೆ ಎದ್ ಬತ್ತ್."

ಅವರ ಜಗಲಿಯಲ್ಲಿ ಎರಡನೆಯದನ್ನು ಹಾಕಿಕೊಂಡು ತೊಡೆ ತಟ್ಟುತ್ತ ಕುಳಿತರೆ ಮೂರನೇ ನಿಮಿಷಕ್ಕೆ ನನ್ನ ಕೈ ಮುಂದೆ ಹೋಗಿರುತ್ತಿತ್ತು.

"ಹ್ವಾಯ್, ಎಲ್ಲಿಗ್ ಹೋಪುದ್ ನೀನ್? ಬಸ್ಸಿಗ್ ಲೇಟಾಯ್ತಾ?" ಎಂದು ಗದರುತ್ತಿದ್ದರು. "ಬಿಸಿ ಏರುಕೆ ಓಡ್ಕ್ ಅಂದೇಳಿ ಇಲ್ಲ ಮಾರಾಯಾ. ನಿಂತಲ್ಲೇ ಬಿಸಿ ಆಯ್ಕ್."

ಓಡದೆಯೇ ಕಾವೇರಬೇಕಂತೆ! ಸಿಟ್ಟು ನೆತ್ತಿಗೇರುತ್ತಿತ್ತು. ಮರುದಿನ ಮತ್ತೆ ಅಲ್ಲೇ ಹಾಜರು.

ಕಾರ್ಯಕ್ರಮದ ಸಂಜೆ ಅವರು ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ನಾವು ಆ ಎರಡನೆಯ ಟ್ರ್ಯಾಕನ್ನೇ ಎತ್ತಿಕೊಂಡೆವು. ಒಂದು ನಿಮಿಷ, ಎರಡು, ಮೂರು. ವೇಗ ಏರಲಿಲ್ಲ. ನಾಲ್ಕು ದಾಟುವಾಗ ಕಣ್ಣೆತ್ತಿದರೆ ಭಾಸ್ಕರಣ್ಣನ ಕುರ್ಚಿ ಖಾಲಿ. ಬಾರಿಸುತ್ತಲೇ ಸಾಲು ಸಾಲಿನಲ್ಲಿ ಅವರನ್ನು ಹುಡುಕಿದೆ. ಹೇಗೋ ಮುಗಿಸಿದೆ. ಚಪ್ಪಾಳೆ ಬಂತು, ಮ್ಯಾನೇಜರ್ ಬೆನ್ನು ತಟ್ಟಿದರು, ಕೆಲಸ ಉಳಿಯಿತು. ಮನೆಗೆ ಬಂದು ರೆಕಾರ್ಡಿಂಗ್ ಹಾಕಿದರೆ ಕಿವಿಗೆ ಸುಳ್ಳು ಹೇಳಲಾಗಲಿಲ್ಲ: ಐದನೇ ನಿಮಿಷದಿಂದ ನಾನು ಓಡಿದ್ದೆ.

ಮರುದಿನ ಅವರು ಮಗಳ ಮನೆಗೆಂದು ಮುಂಬೈಗೆ ಹೊರಟಿದ್ದರು. ಕುಂದಾಪುರ ಸ್ಟೇಷನ್ನಿಗೆ ಹೋಗಿ, "ಎಂತಕ್ ನಡುವಲ್ಲೇ ಎದ್ ಹೋದ್ರಿ?" ಎಂದು ಜಗಳಕ್ಕೇ ನಿಂತೆ.

"ನಾಲ್ಕ್ ನಿಮಿಷ ಕೇಂಡೆ. ಇನ್ ನೀನ್ ಓಡುದಿಲ್ಲ ಅಂದೇಳಿ ಗ್ಯಾರಂಟಿ ಆಯ್ತ್. ಮತ್ ಎಂತಕ್ ಕಾವುದ್?"

ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡದ್ದೇ ಇಲ್ಲ. ಐದನೇ ನಿಮಿಷದ ಸಂಗತಿ ಹೇಳಬೇಕೆಂದು ಬಾಯಿ ತೆರೆದೆ. ರೈಲು ಬಂತು. ಅವರ ಚೀಲ ಎತ್ತಿ ಕೊಟ್ಟೆ.

ಮಳೆಗಾಲ ಕಳೆಯುವುದರೊಳಗೆ ಅವರು ಅಲ್ಲೇ ತೀರಿಕೊಂಡರು. ಫೋನ್ ಮಾಡಿದ ಮಗಳು ಅಳುತ್ತಲೇ ಹೇಳಿದಳು: "ಅಪ್ಪಯ್ಯ ಮನಿಗ್ ಬಂದವ್ರ್ ಹತ್ರ ಎಲ್ಲ ನಿಮ್ ಸುದ್ದಿಯೇ. ನಮ್ಮೂರ್ ಚಂಡೆಯವ ಏಳ್ ನಿಮಿಷ ಒಂದೇ ಸಮ ಬಾರ್ಸ್ತ ಅಂದೇಳಿ. ಹೌದಾ?"

ಹೌದು ಎಂದೆ.