ಗಿನಿಕೋಳಿ ಮೊಟ್ಟೆ ಇಡುವ ಜಾಗ

ಬಣಕಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಹಾವಿನ ಕಾಟಕ್ಕೆಂದು ಗಿನಿಕೋಳಿ ಸಾಕಿದ್ದರು. ಅವು ಊರುಕೋಳಿಯಂತೆ ಬುಟ್ಟಿಯಲ್ಲಿ ಮೊಟ್ಟೆ ಇಡುವುದಿಲ್ಲ. ಹೇಂಟೆಗಳೆಲ್ಲ ಸೇರಿ ತೋಟದ ಯಾವುದೋ ಪೊದೆಯಡಿ ಕದ್ದಿಡುತ್ತವೆ. ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಆಕೆ ಸೌಟು ಹಿಡಿದು ಹೊರಡುತ್ತಿದ್ದರು. ಕೈವಾಸನೆ ತಗುಲಿದರೆ ಕೋಳಿ ಜಾಗ ಬದಲಿಸುತ್ತದಂತೆ, ಅದಕ್ಕೇ ಸೌಟು. ಸಂಜೆ ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬಂದು, "ಹುಡುಕಿ ಹುಡುಕಿ ಸಾಕಾಯ್ತು ಮಾರಾಯ್ತಿ" ಎನ್ನುತ್ತ ಸೊಂಟ ಹಿಡಿದು ಒಳಗೆ ಹೋಗುವರು.

ಒಂದು ದಿನ ಸೌದೆಗೆ ಹೋದಾಗ ಕಂಡೆ. ಪೊದೆಯಡಿ ಮೊಟ್ಟೆಗಳ ರಾಶಿ. ಪಕ್ಕದಲ್ಲೇ ಆಕೆ, ಸಿಲ್ವರ್ ಓಕ್ ಮರಕ್ಕೆ ಒರಗಿ, ಕಾಲು ಚಾಚಿ ಕೂತಿದ್ದರು.

"ಅಂತೂ ಸಿಕ್ತಲ್ಲ ಅಕ್ಕ!" ಎಂದೆ.

"ಅವು ಯಾವಾಗ್ಲೂ ಇಲ್ಲೇ ಇಡೋದು," ಎಂದರು ಕಣ್ಣು ತೆರೆಯದೆ. "ಮನೇಲಿ ಹೇಳ್ಬೇಡ ಮಾರಾಯ್ತಿ. ಆಮೇಲೆ ನಾನು ಎಲ್ಲಿ ಕೂತ್ಕೊಳ್ಲಿ?"