ಹೊಳೆ ದಾಟಿದ ಹನ್ನೆರಡನೇ ಬೆಕ್ಕು

ನಮ್ಮ ಕಡೆ ಬೆಕ್ಕನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವುದಕ್ಕೆ ಒಂದೇ ಕಾರಣ ಇರುತ್ತದೆ: ದೂರ ಬಿಟ್ಟು ಬರುವುದು. ಇದು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅಥಣಿಯಲ್ಲೇ ಇದ್ದವಳು ನಾನು. ಏಳನೇ ಇಯತ್ತೆಯಿಂದ ದಿನಚರಿ ಬರೆಯುತ್ತ, ಬಸ್ಸು ಎಷ್ಟು ನಿಮಿಷ ತಡ, ಯಾವ ಸೋಮವಾರ ನಳಕ್ಕೆ ನೀರು ಬರಲಿಲ್ಲ ಎಂದೆಲ್ಲ ಲೆಕ್ಕ ಇಟ್ಟಿದ್ದೇನೆ. ಆದರೂ ಈ ಒಂದು ಸಂಗತಿ ನನ್ನ ಒಂಬತ್ತು ದಿನಚರಿ ವಹಿಗಳಲ್ಲಿ ಎಲ್ಲೂ ದಾಖಲಾಗಿರಲಿಲ್ಲ.

ಅವ್ವ ಶಾಲೆಯಲ್ಲಿ ಶಿಕ್ಷಕಿ. ಅವಳಿಗೆ ನಿಪ್ಪಾಣಿಗೆ ವರ್ಗವಾಯಿತು. ಸಾಮಾನಿನ ಲಾರಿಯ ಜೊತೆ ಶನಿವಾರ ಅವಳು ಮುಂದೆ ಹೋಗುವುದು, ರವಿವಾರ ಸೋದರಮಾವನ ಕಾರಿನಲ್ಲಿ ನಾನು, ಅಜ್ಜಿ ಮತ್ತು ಬೆಕ್ಕು ಹೋಗುವುದು ಎಂದು ನಿರ್ಧಾರವಾಯಿತು. ನಿರ್ಧಾರ ಎಂದೆ. ಬೆಕ್ಕಿನ ಹೆಸರನ್ನು ಆ ವಾಕ್ಯದಲ್ಲಿ ಸೇರಿಸಿದವಳು ನಾನೊಬ್ಬಳೇ.

"ವರ್ಗ ಆಗಿದ್ದು ನಿಮ್ಮವ್ವಗ. ಬೆಕ್ಕಿಗೇನ ಆರ್ಡರ್ ಬಂದೈತೇನ?" ಎಂದು ಅಜ್ಜಿ ಕೇಳಿದಳು.

ನಿಪ್ಪಾಣಿಯ ಮನೆ ಮಾಲಕರು ಬೆಕ್ಕಿಗೆ ಒಪ್ಪಿದ್ದರು. ಒಪ್ಪದವರು ನಮ್ಮವರೇ. ಕೊನೆಗೆ ಅವ್ವ ತೀರ್ಪು ಕೊಟ್ಟಳು: "ಒಯ್ಯಿ. ಆದ್ರ ದಾರ್ಯಾಗ ಜಿಗದು ಕಬ್ಬಿನ್ಯಾಗ ಹೊಕ್ಕತಂದ್ರ ಹುಡುಕಾಕ ಯಾರೂ ಗಾಡಿ ನಿಂದ್ರಸಂಗಿಲ್ಲ." ಅದು ಬೆದರಿಕೆಯಲ್ಲ, ಬರೀ ಸತ್ಯ. ಆಳೆತ್ತರ ಬೆಳೆದ ಕಬ್ಬಿನೊಳಗೆ ಹೊಕ್ಕ ಬೆಕ್ಕನ್ನು ಹುಡುಕಿ ತಂದವರು ನಮ್ಮ ತಾಲೂಕಿನಲ್ಲಿ ಯಾರೂ ಇಲ್ಲ. ಅಥಣಿಯಿಂದ ನಿಪ್ಪಾಣಿಯವರೆಗೆ ರಸ್ತೆಯ ಎರಡೂ ಬದಿ ಇರುವುದು ಹೆಚ್ಚಾಗಿ ಕಬ್ಬೇ.

ಕೈಯಲ್ಲಿ ಇಪ್ಪತ್ತೊಂದು ದಿನ ಇದ್ದವು. ಮೊದಲ ದಿನ ಮಾವನ ತೋಟದಿಂದ ಎರಡು ದ್ರಾಕ್ಷಿ ಕ್ರೇಟ್ ತಂದೆ. ಸುತ್ತಲೂ ಗಾಳಿ ಕಿಂಡಿ ಇರುವ ಪ್ಲಾಸ್ಟಿಕ್ ಕ್ರೇಟ್‌ಗಳು ಅವು. ಒಂದರ ಮೇಲೊಂದು ಬೋರಲು ಹಾಕಿ ಪ್ಲಾಸ್ಟಿಕ್ ಪಟ್ಟಿಯ ಟ್ಯಾಗಿನಿಂದ ಬಿಗಿದರೆ ಗಟ್ಟಿ ಪೆಟ್ಟಿಗೆ. ಒಂದು ಬದಿ ಕಾಯಿಸಿದ ಚಾಕುವಿನಿಂದ ಬಾಗಿಲು ಕೊಯ್ದೆ; ಅದನ್ನು ಮುಚ್ಚಲೂ ಒಂದು ಟ್ಯಾಗು. ಒಳಗೆ ನನ್ನ ಒಗೆಯದ ಹಳೆಯ ಅಂಗಿ ಹಾಸಿ ಅಡುಗೆ ಮನೆಯ ಮೂಲೆಯಲ್ಲಿ ಬಾಗಿಲು ತೆರೆದೇ ಇಟ್ಟೆ. ನಾಲ್ಕು ದಿನ ಬೆಕ್ಕು ಅದರ ಸುತ್ತ ತಿರುಗಿತು. ಐದನೇ ದಿನ ಅನ್ನ-ಹಾಲಿನ ತಾಟನ್ನು ಪೆಟ್ಟಿಗೆಯೊಳಗೆ ಸರಿಸಿದೆ. ಒಂಬತ್ತನೇ ದಿನ ಅದು ಅಲ್ಲೇ ಮಲಗಿತು. ಹನ್ನೆರಡನೇ ದಿನ, ಅಂಗಳದಲ್ಲಿ ಯಾರೋ ಕೊಡ ಬೀಳಿಸಿದಾಗ, ಓಡಿ ಹೋಗಿ ಅದರಲ್ಲೇ ಅಡಗಿತು. ಈ ಸಾಲಿನ ಕೆಳಗೆ ನನ್ನ ವಹಿಯಲ್ಲಿ ಎರಡು ಗೆರೆ ಇವೆ.

ಆಮೇಲೆ ಕಾರಿನ ಅಭ್ಯಾಸ. ಮಾವ ಚಹಾ ಕುಡಿಯಲು ಮನೆಗೆ ಬಂದಾಗಲೆಲ್ಲ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಬೆಲ್ಟಿನಿಂದ ಬಿಗಿದು, ನಿಂತ ಕಾರಿನಲ್ಲೇ ಬೆಕ್ಕಿನ ಪಕ್ಕ ಹತ್ತು ನಿಮಿಷ ಕೂತೆ. ಮೊದಲ ದಿನ ಅರವತ್ತನಾಲ್ಕು ಮಿಯಾಂವ್. ನಂತರ ನಲವತ್ತು, ಇಪ್ಪತ್ತೆರಡು, ಒಂಬತ್ತು. ಕೊನೆಯ ದಿನ ಮೂರು, ಅದರಲ್ಲೊಂದು ಆಕಳಿಕೆ. ಎದುರು ಮನೆಯವಳು ಅಜ್ಜಿಯನ್ನು ಕೇಳಿದಳಂತೆ: "ನಿಮ್ಮ ಹುಡುಗಿ ಗಾಡಿ ಕಲಿಯಾಕತ್ತಾಳೇನ್ರಿ? ದಿನಾ ಕುಂದರತಾಳ, ಗಾಡಿ ಒಟ್ಟ ಮುಂದ ಹೋಗವಲ್ದು."

ಹೊರಡುವ ಬೆಳಿಗ್ಗೆ ಮಾವ ಒಂದು ಗೊಬ್ಬರದ ಚೀಲ, ಒಂದು ಮೊಳ ಸುತಳಿ ಹಿಡಿದು ಬಂದ.

"ಇದ್ರಾಗ ಹಾಕು. ಅದಕ್ಕ ದಾರಿ ಕಾಣಬಾರದು."

"ಯಾಕ ಕಾಣಬಾರದು?"

"ಕಂಡ್ರ ವಾಪಸ್ ಬರತೈತಿ, ಬಾಳಾ." ‘ಮಗು’ ಎನ್ನುವ ಬದಲು ಮಾವ ಮರಾಠಿಯ ‘ಬಾಳಾ’ ಎನ್ನುತ್ತಾನೆ. " ನಾ ಹನ್ನೊಂದು ಬೆಕ್ಕು ಹೊಳಿ ದಾಟಸೇನಿ. ಒಂದೂ ತಿರುಗಿ ಬಂದಿಲ್ಲ."

ಬೆಕ್ಕಿನ ಪ್ರಯಾಣದಲ್ಲಿ ನಮ್ಮ ಮನೆತನದಲ್ಲೇ ಮಾವನಷ್ಟು ಅನುಭವಸ್ಥರು ಇಲ್ಲ ಎಂದು ಅಜ್ಜಿ ಹಿಂದೊಮ್ಮೆ ಹೇಳಿದ್ದಳು. ಆ ಅನುಭವ ಎಂಥದ್ದು ಎಂದು ನನಗೆ ಅರ್ಥವಾದದ್ದು ಆಗ. ಚೀಲ ಬೇಡ ಎಂದೆ. ನಾವು ಬೆಕ್ಕನ್ನು ಬಿಡಲು ಹೊರಟಿಲ್ಲ, ಕರೆದುಕೊಂಡು ಹೊರಟಿದ್ದೇವೆ ಎಂದೆ. ಮಾವ ನನ್ನ ತಲೆ ಸವರಿ, "ಆತು, ಹಂಗ ಆಗಲಿ" ಎಂದ. ಅಷ್ಟು ಬೇಗ ಒಪ್ಪಿದ್ದನ್ನು ನಾನು ಅನುಮಾನಿಸಬೇಕಿತ್ತು.

ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೆ. ಹೊರಡುವ ನಾಲ್ಕು ತಾಸು ಮೊದಲು ಏನೂ ತಿನ್ನಿಸಬಾರದು, ಕಿಟಕಿ ಪೂರ್ತಿ ಇಳಿಸಬಾರದು, ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಹಾಡು ಹಚ್ಚಬಾರದು, ಗಾಡಿ ನಿಂತಾಗ ಪೆಟ್ಟಿಗೆಯ ಬಾಗಿಲು ತೆಗೆಯಬಾರದು. ಬೆಕ್ಕು ಎಲ್ಲವನ್ನೂ ಪಾಲಿಸಿತು. ಅಜ್ಜಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಒಂದು ಬಟ್ಟಲು ಮೊಸರು ತಿಂದು ಕಾರು ಹತ್ತಿದಳು. ಕಾಗವಾಡ ಮುಟ್ಟುವುದರೊಳಗೆ ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು. ಎರಡೂ ಅಜ್ಜಿಯ ಖಾತೆಗೆ.

ಕಾಗವಾಡದಲ್ಲಿ ರಸ್ತೆಗಳು ಕೂಡುವಲ್ಲಿ ಮಾವ ಗಾಡಿಯನ್ನು ಸುಮ್ಮನೆ ಮೂರು ಸುತ್ತು ತಿರುಗಿಸಿದ. "ದಾರಿ ತಪ್ಪಿತೇನ?" ಎಂದೆ. "ಇಲ್ಲ" ಎಂದ. ‘ಮೂರು ಸುತ್ತು, ಕಾರಣ ತಿಳಿಯದು’ ಎಂದು ಬರೆದುಕೊಂಡೆ.

ಅಲ್ಲಿ ಚಹಾಕ್ಕೆ ನಿಂತೆವು. ಕಾರಿನ ಬಾಗಿಲ ಹತ್ತಿರವೇ ಗ್ಲಾಸು ತಂದುಕೊಟ್ಟ ಅಂಗಡಿಯವನು ಒಳಗೆ ಇಣುಕಿ, "ಮಾಂಜರ ಸೋಡಾಯಲಾ ಚಾಲಲಾಯ ಕಾ?" ಎಂದು ಮರಾಠಿಯಲ್ಲಿ ಕೇಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದ: "ಬೆಕ್ಕು ಬಿಡಾಕ ಹೊಂಟೀರೇನ್ರಿ?"

"ಇಲ್ರಿ. ನಮ್ಮ ಕೂಡ ಒಯ್ಯಾಕತ್ತೇವಿ. ನಿಪ್ಪಾಣಿಗೆ."

"ಹಂಗ ಎಲ್ಲಾರೂ ಅಂತಾರ್ರಿ" ಎಂದ, ಬಹಳ ಕರುಣೆಯಿಂದ.

ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಎದ್ದು ಬಂದರು. ಮಗಳಿಗೆ ಮನೆತನ ನೋಡುವವರ ಹಾಗೆ ಬೆಕ್ಕಿಗೆ ಊರು ನೋಡತೊಡಗಿದರು.

"ಉಗಾರ ಬುದ್ರುಕದ ಕಡೆ ಬಿಡ್ರಿ. ಕಬ್ಬು ಐತಿ, ಇಲಿ ಮಸ್ತ್ ಅದಾವ."

"ಅಲ್ಲಿ ನಾಯಿ ಭಾಳ ಲೇ. ಯಡೂರಾಗ ಬಿಡ್ರಿ. ದೇವರ ಊರು, ಪ್ರಸಾದ ಸಿಗತೈತಿ."

"ಪ್ರಸಾದ ತಿಂದು ಬೆಕ್ಕು ಬದಕತೈತೇನ? ಅದೇನ ಜಂಗಮರ ಬೆಕ್ಕಾ?"

ಮಾವ ಇದನ್ನೆಲ್ಲ ಗಮನವಿಟ್ಟು ಕೇಳಿದ. ಒಂದೆರಡು ಉಪಪ್ರಶ್ನೆಯನ್ನೂ ಕೇಳಿದ. ನಾನು ವಹಿಯಲ್ಲಿ ಬರೆದೆ: ಬಿಡಲು ಹೊರಟಿದ್ದೇವೆಂದು ತಿಳಿದವರು ಮೂವರು, ನನ್ನ ಮಾತು ನಂಬಿದವರು ಸೊನ್ನೆ.

ಕೃಷ್ಣೆಯ ಸೇತುವೆ ದಾಟಿದೆವು. ಯಡೂರಿನ ಕಡೆ ಹೋಗುವ ದಾರಿ ದಾಟಿ ಸ್ವಲ್ಪ ಮುಂದೆ ಅಜ್ಜಿಗೆ ಮೂರನೇ ಸಲ ಹೊಟ್ಟೆ ತೊಳಸಿತು. ಮಾವ ಕಬ್ಬಿನ ಹೊಲದ ಅಂಚಿಗೆ ಗಾಡಿ ಹಾಕಿ, "ಓಡು, ಆ ಅಂಗಡ್ಯಾಗ ಲಿಂಬು ಸೋಡಾ ತಗೊಂಡ ಬಾ" ಎಂದು ನನ್ನನ್ನು ಕಳಿಸಿದ. ನೂರಾ ಹನ್ನೆರಡು ಹೆಜ್ಜೆ. ಅಂಗಡಿಯಲ್ಲಿ ಬಾಟಲಿ ಸಿಗಲು ತಡವಾಯಿತು.

ತಿರುಗಿ ಬರುವಾಗ ದೂರದಿಂದಲೇ ಕಂಡಿತು: ಹಿಂದಿನ ಬಾಗಿಲು ಪೂರ್ತಿ ತೆರೆದಿತ್ತು. ಪೆಟ್ಟಿಗೆ ನೆಲದ ಮೇಲಿತ್ತು. ಟ್ಯಾಗು ಕತ್ತರಿಸಿ ಬಿದ್ದಿತ್ತು. ಮಾವ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ.

ನಾನು ಓಡಿದೆ. ಸೋಡಾ ಎಲ್ಲಿ ಚೆಲ್ಲಿತೋ ಗೊತ್ತಿಲ್ಲ. ಹೆಜ್ಜೆ ಎಣಿಸಲಿಲ್ಲ.

"ಹೋಗವಾ, ಹೋಗ" ಎನ್ನುತ್ತಿದ್ದ ಮಾವ, ಹಟ ಹಿಡಿದ ಬೀಗರನ್ನು ಒಪ್ಪಿಸುವ ದನಿಯಲ್ಲಿ. "ಕಬ್ಬು ಐತಿ, ಇಲಿ ಐತಿ, ನೀರು ಐತಿ. ಇನ್ನೇನ ಬೇಕು ನಿನಗ?"

ಬೆಕ್ಕು ಒಳಗೇ ಇತ್ತು. ನನ್ನ ಅಂಗಿಯ ಮೇಲೆ ಕಾಲು ಮಡಚಿ, ಮಾವನನ್ನೇ ನೋಡುತ್ತ ಕೂತಿತ್ತು.

ಮಾವ ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ನಿನ್ನ ಚಲೋದಕ್ಕ ಮಾಡಾಕತ್ತೇನಿ, ಬಾಳಾ. ನಿಪ್ಪಾಣ್ಯಾಗ ನಾಕ ದಿನಕ್ಕ ಓಡಿ ಹೋಗತೈತಿ, ಆಗ ಹುಡುಕ್ಯಾಡಿ ಅಳತಿ. ಇಲ್ಲಾದ್ರ ಒಮ್ಮೆ ಅತ್ತು ಮುಗಸ್ತಿ. ಅದಕ್ಕ ದಿಕ್ಕ ತಪ್ಪಲಿ ಅಂತ ಕಾಗವಾಡದಾಗ ಮೂರು ಸುತ್ತೂ ಹಾಕೇನಿ." ಎನ್ನುತ್ತಲೇ ಪೆಟ್ಟಿಗೆಯನ್ನು ಓರೆ ಮಾಡಿದ. ಬೆಕ್ಕು ಬಾಗಿಲವರೆಗೆ ಜಾರಿತು, ಅಂಗಿಗೆ ಉಗುರು ಹಾಕಿ ಮೇಲೆ ಹತ್ತಿತು.

ಅದೇ ಹೊತ್ತಿಗೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಒಂದು ಟ್ರ್ಯಾಕ್ಟರ್ ನಮ್ಮ ಪಕ್ಕದಲ್ಲೇ ಹಾಯಿತು. ನಾನು ಕಣ್ಣು ಮುಚ್ಚಿದೆ. ಬೇರೆ ಯಾವ ಬೆಕ್ಕಾದರೂ ಕಬ್ಬಿಗೆ ಹಾರುತ್ತಿತ್ತು. ಕಣ್ಣು ತೆರೆದಾಗ ಅದು ಪೆಟ್ಟಿಗೆಯ ಕಟ್ಟಕಡೆಯ ಮೂಲೆಯಲ್ಲಿತ್ತು, ಕೊಡ ಬಿದ್ದ ದಿನದ ಹಾಗೆಯೇ. ಮಾವ ಕೈ ಹಾಕಿ ಎಳೆಯಲು ಹೋದ. ಮುಂಗೈ ಮೇಲೆ ನಾಲ್ಕು ಗೆರೆ ಬಿದ್ದವು.

"ಬಿಡೋ ಲೇ" ಎಂದಳು ಅಜ್ಜಿ, ಕಿಟಕಿಗೆ ತಲೆ ಆನಿಸಿಕೊಂಡೇ. "ಅದರ ಮನಿ ಅದು ಬಿಡವಲ್ದು."

ನಾನು ಪೆಟ್ಟಿಗೆಯನ್ನು ಸೀಟಿಗೆ ಎತ್ತಿಟ್ಟೆ. ಹೊಸ ಟ್ಯಾಗು ಹಾಕಲು ಮೂರು ಸಲ ಪ್ರಯತ್ನಿಸಬೇಕಾಯಿತು. ಬೆಕ್ಕಿಗೆಂದು ತಂದಿದ್ದ ಔಷಧಿ ಡಬ್ಬಿಯಿಂದ ಹತ್ತಿ ತೆಗೆದು ಮಾವನ ತೊಡೆಯ ಮೇಲೆ ಹಾಕಿದೆ. ಚಿಕ್ಕೋಡಿಯವರೆಗೆ ಕೈಯನ್ನು ಟ್ಯಾಗಿನ ಮೇಲೆಯೇ ಇಟ್ಟುಕೊಂಡು ಕೂತೆ; ಅಲ್ಲಿ ಆಸ್ಪತ್ರೆಯ ಮುಂದೆ ಗಾಡಿ ನಿಂತಿತು. ಮಾವ ಸೂಜಿ ಚುಚ್ಚಿಸಿಕೊಳ್ಳಲು ಒಳಗೆ ಹೋದಾಗ ಅಜ್ಜಿ ಹೇಳಿದಳು: "ನನಗೂ ಹೇಳಿದ್ದ ಅಂವ. ನಾ ಬ್ಯಾಡ ಅನ್ನಲಿಲ್ಲ." ಹೀಗೆಂದು ಬೆರಳನ್ನು ಕ್ರೇಟಿನ ಕಿಂಡಿಯೊಳಗೆ ತೂರಿಸಿದಳು. ಬೆಕ್ಕು ಮೂಸಿ ನೋಡಿತು. ಶೇಂಗಾ ಚಟ್ನಿಯ ವಾಸನೆ ಇದ್ದಿರಬೇಕು.

ಸಂಜೆಯೊಳಗೆ ನಿಪ್ಪಾಣಿ ಮುಟ್ಟಿದೆವು. ದಾರಿಯುದ್ದಕ್ಕೂ ಮಿಯಾಂವ್ ಹದಿನೇಳು. ವಾಂತಿ: ಅಜ್ಜಿ ಮೂರು, ಬೆಕ್ಕು ಇಲ್ಲ. ಸೂಜಿ: ಮಾವ ಒಂದು, ಬೆಕ್ಕು ಇಲ್ಲ. ಬೆಕ್ಕನ್ನು ಒಂದು ವಾರ ಒಂದೇ ಕೋಣೆಯಲ್ಲಿ, ಪೆಟ್ಟಿಗೆಯ ಜೊತೆ ಇಟ್ಟೆವು. ಮೊದಲ ನಾಲ್ಕು ದಿನ ಮಾವ ಬೆಳಿಗ್ಗೆ ಸಂಜೆ ಫೋನ್ ಮಾಡಿ, "ಐತೇನ?" ಎಂದು ಕೇಳಿದ. ಐದನೇ ದಿನ ಫೋನ್ ಬರಲಿಲ್ಲ.

ದ್ರಾಕ್ಷಿ ಕಟಾವು ಶುರುವಾದಾಗ ಕ್ರೇಟ್ ಒಯ್ಯಲು ಮಾವನೇ ಬಂದ. ಬೆಕ್ಕು ಅದರೊಳಗೆ ಮಲಗಿತ್ತು. ಮುಂಗೈಯ ಗೆರೆಗಳನ್ನೊಮ್ಮೆ ನೋಡಿಕೊಂಡು, ಕ್ರೇಟ್ ಇರಲಿ ಎಂದ. ಚಹಾ ಕುಡಿಯುತ್ತ ನನ್ನ ವಹಿ ತೆಗೆದು, ಆ ರವಿವಾರದ ಪುಟ ಓದಿದ. ಅಲ್ಲಿ ನಾನು ಬರೆದಿದ್ದೆ: ಮಾವ ಹೊಳೆ ದಾಟಿಸಿದ ಬೆಕ್ಕು ಹನ್ನೆರಡು, ತಿರುಗಿ ಬಾರದವು ಹನ್ನೊಂದು.

"ಇದು ತಪ್ಪೈತಿ" ಎಂದ ಮಾವ, ಬೆರಳಿಟ್ಟು. "ಇದೂ ಅಥಣಿಗೆ ತಿರುಗಿ ಬಂದಿಲ್ಲಲ್ಲ? ಹನ್ನೆರಡು ಬರಿ."

ಲೆಕ್ಕ ಸರಿ ಇತ್ತು. ಹನ್ನೊಂದನ್ನು ಹೊಡೆದು ಹಾಕಿ ಹನ್ನೆರಡು ಎಂದು ತಿದ್ದಿದೆ.