ಗಣಪತಿ ಕರಗಿದ ನೀರು

ಪಟ್ಟಂದೂರು ಅಗ್ರಹಾರದ ನಮ್ಮ ಮನೆಯ ತಾರಸಿಯಲ್ಲಿ, ಹಬ್ಬ ಕಳೆದು ಎಷ್ಟೋ ದಿನವಾದರೂ ಒಂದು ನೀಲಿ ಡ್ರಮ್ಮು ತುಂಬಿ ನಿಂತಿತ್ತು. ಮಣ್ಣಿನ ಗಣಪತಿಯನ್ನು ಅದರಲ್ಲೇ ಬಿಟ್ಟಿದ್ದೆವು. ಆ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು, ಮರದ ಬುಡಕ್ಕೇ ಸುರಿಯಬೇಕೆಂಬುದು ನನ್ನ ಮಾವನವರ ಕಟ್ಟಪ್ಪಣೆ. ಮರವೆಲ್ಲಿದೆ? ಇದ್ದ ಒಂದು ತೆಂಗಿನಮರವನ್ನು ಬಾಡಿಗೆ ರೂಮು ಕಟ್ಟಲು ಅವರೇ ಕಡಿಸಿದ್ದರು.

ಆ ರೂಮಿನಲ್ಲಿ ಗಾರೆ ಕೆಲಸಕ್ಕೆ ಬಂದ ರಾಯಚೂರು ಕಡೆಯ ಗಂಡ ಹೆಂಡತಿ ಇದ್ದರು. ಹೆಂಡತಿಗೆ ಚಳಿಜ್ವರ ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಮಲೇರಿಯಾ. ಮಾವ ಆ ಕ್ಷಣವೇ ಡಾಕ್ಟರಾದರು.

"ಇವ್ರೇ ಊರಿಂದ ತಂದವ್ರೆ ಕಣಮ್ಮ. ನಾಳೆನೇ ರೂಮ್ ಖಾಲಿ ಮಾಡ್ಸು."

ದೇಶದಿಂದ ಮಲೇರಿಯಾ ಓಡಿಸಲು ಸರ್ಕಾರ ವರ್ಷಗಟ್ಟಲೆ ಹೆಣಗುತ್ತಿದೆ. ನಮ್ಮ ಮಾವನಿಗೆ ಒಂದು ಬೀಗ ಸಾಕು. ಗಡಗಡ ನಡುಗುತ್ತಿದ್ದವಳನ್ನು ಬೀದಿಗೆ ಹಾಕುವ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆಶಾ ಕಾರ್ಯಕರ್ತೆ ಬಂದು ಅವಳಿಗೆ ಮಾತ್ರೆ ಕೊಟ್ಟು, ತಾರಸಿ ಹತ್ತಿ ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟಳು. ತಿಳಿನೀರಿನಲ್ಲಿ ಸೊಳ್ಳೆಮರಿಗಳು ಗಿಜಿಗುಡುತ್ತಿದ್ದವು.

"ರೋಗ ಯಾರ್ ತಂದ್ರೋ ಗೊತ್ತಿಲ್ಲ ಯಜಮಾನ್ರೇ, ಹರಡೋ ಸೊಳ್ಳೆ ಸಾಕಿರೋದು ನೀವೇ. ಈಗ್ಲೇ ಚೆಲ್ಲಿ."

ಚೆಲ್ಲುವವರು ಯಾರು? ಮಾವ ಹಿಂದೆ ಸರಿದರು. ನಾನು ಕೈ ಹಾಕಿದ್ದಕ್ಕೆ, "ಮನೆ ಸೊಸೆ ನೀನು! ಪಾಪ ವಂಶಕ್ಕೇ ಸುತ್ಕೊಳ್ತದೆ" ಎಂದು ಅಡ್ಡ ಬಂದರು. ಕೊನೆಗೆ ಬಾಡಿಗೆಯವನನ್ನೇ ಕೂಗಿದರು. ಹೇಗೂ ಹೋಗುವವನು, ಪಾಪವನ್ನೂ ಕಟ್ಟಿಕೊಂಡು ಹೋಗಲಿ!

ಅವನು ಡ್ರಮ್ಮಿನ ಅಂಚು ಹಿಡಿದು ನಿಂತ.

"ಚೆಲ್ತೀನ್ರಿ. ಆದ್ರ ನನ್ನ ಹೆಂಡ್ತಿ ಅರಾಮ್ ಆಗೂತನಕ ರೂಮ್ ಬಿಡಂಗಿಲ್ರಿ."

ಮಾವ ಆಕಾಶ ನೋಡಿದರು. ಗಣಪತಿ ಏನೂ ಹೇಳಲಿಲ್ಲ.

"ಆಯ್ತು ಸುರಿ. ನನ್ ಕಾಲ್ಗೆ ತಾಗಿಸ್ಬೇಡ" ಎಂದು ಮೆಟ್ಟಿಲ ಮೇಲೆ ಹೋಗಿ ನಿಂತರು.

ಅವಳು ಗುಣವಾದಳು, ಅವರು ನಮ್ಮಲ್ಲೇ ಉಳಿದರು. ಈ ಸಲ ಹಬ್ಬ ಮುಗಿಸಿ ಇಬ್ಬರೂ ಊರಿಗೆ ಹೋಗಿದ್ದಾರೆ. ಡ್ರಮ್ಮು ಮತ್ತೆ ತುಂಬಿತ್ತು, ಅದರಲ್ಲಿ ಮರಿಗಳೂ ಆಗಿದ್ದವು. ಮಾವ ದಿನಾ ಅವನಿಗೆ ಫೋನ್ ಮಾಡುತ್ತಿದ್ದರು: "ಯಾವಾಗ್ ಬರ್ತೀಯಪ್ಪಾ? ಸೊಳ್ಳೆ ಕಾಟ ತಡ್ಯಕ್ಕಾಗ್ತಿಲ್ಲ."

ನಿನ್ನೆ ಅವರು ಹಾಗೆ ಗೋಗರೆಯುತ್ತಿದ್ದಾಗಲೇ ನಾನು ಡ್ರಮ್ಮನ್ನು ಬೋರಲು ಹಾಕಿದೆ. ವಂಶಕ್ಕೇನೂ ಆಗಿಲ್ಲ.